ತಲೆಯಾಡಿಸುವ ಮುನ್ನ

ಅಮೆರಿಕದ ಪೌರತ್ವದ ಸಂದರ್ಶನ ನಡೆಯುತ್ತಿದೆ ಎಂದುಕೊಳ್ಳಿ. ಅಧಿಕಾರಿ ಕೇಳುತ್ತಾರೆ: ‘ಹ್ಯಾವ್ ಯು ಎವರ್ ಕ್ಲೇಮ್ಡ್ ಟು ಬಿ ಎ ಯು.ಎಸ್. ಸಿಟಿಜನ್?’ ಎದುರಿಗೆ ಕೂತ ಅರವತ್ತೇಳರ ಅಜ್ಜಿಯ ಕಿವಿಗೆ ಗಟ್ಟಿಯಾಗಿ ಬಿದ್ದದ್ದು ಕೊನೆಯ ಪದ ಒಂದೇ. ಸಿಟಿಜನ್ ಆಗುವುದಕ್ಕೇ ತಾನೇ ಬಂದಿರುವುದು? ನಗುಮುಖದಿಂದ ‘ಯಸ್’ ಎನ್ನುತ್ತಾರೆ. ಪ್ರಶ್ನೆಯ ಅರ್ಥವೇ ಬೇರೆ: ಪೌರರಲ್ಲದಿದ್ದಾಗ ಪೌರರೆಂದು ಎಲ್ಲಾದರೂ ಸುಳ್ಳು ಹೇಳಿಕೊಂಡಿದ್ದೀರಾ ಎಂದು. 1996ರ ಸೆಪ್ಟೆಂಬರ್ ಕೊನೆಯ ನಂತರ ಹಾಗೆ ಹೇಳಿಕೊಂಡಿದ್ದರೆ ಪೌರತ್ವ ಕೈತಪ್ಪುವುದಷ್ಟೇ ಅಲ್ಲ, ಗಡೀಪಾರಿನ ಮಾತೂ ಬರಬಹುದು. ಅಧಿಕಾರಿ ಒಳ್ಳೆಯವರಾದರೆ ಪ್ರಶ್ನೆಯನ್ನು ಬಿಡಿಸಿ ಕೇಳುತ್ತಾರೆ. ಆಗಲೂ ಅಜ್ಜಿ ತಲೆಯಾಡಿಸಿದರೆ, ಇವರಿಗೆ ಇಂಗ್ಲಿಷ್ ಅರ್ಥವಾಗುವುದಿಲ್ಲ ಎಂದು ಬರೆದುಕೊಳ್ಳುತ್ತಾರೆ.

ಕೋಲೆಬಸವನ ಹಾಗೆ ತಲೆಯಾಡಿಸುವುದು ಎಂದು ನಮ್ಮಲ್ಲಿ ಹೇಳುತ್ತಾರಲ್ಲ, ಅದು ದಡ್ಡತನದಿಂದ ಬಂದದ್ದಲ್ಲ. ದೊಡ್ಡವರ ಎದುರು, ಸರ್ಕಾರಿ ಮೇಜಿನ ಎದುರು, ‘ಏನು ಅಂದಿರಿ?’ ಎಂದು ಮರುಪ್ರಶ್ನೆ ಹಾಕುವುದು ಅವಿನಯ ಎಂದು ಕಲಿತು ಬೆಳೆದವರ ಮರ್ಯಾದೆ ಅದು. ನೇಪಾಳದ ಶಿಬಿರಗಳಿಂದ ಬಂದ ಭೂತಾನಿ ನಿರಾಶ್ರಿತರಲ್ಲೂ, ಸೊಮಾಲಿಯಾ, ಮೆಕ್ಸಿಕೊ, ವಿಯೆಟ್ನಾಂಗಳಿಂದ ಬಂದ ಹಿರಿಯರಲ್ಲೂ ಇದೇ ಕಾಣುತ್ತದೆ. ಹೊಸಬರಿಗೆ ಇಂಗ್ಲಿಷ್ ಕಲಿಸಿ ಪೌರತ್ವದವರೆಗೆ ಕೈಹಿಡಿದು ನಡೆಸುವ ಅಮೆರಿಕದ ಊರೂರಿನ ಸೇವಾಸಂಸ್ಥೆಗಳು ಮಾಡುವ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಬೇಕಾದರೆ ಇಷ್ಟು: ಅರ್ಥವಾಗದಿದ್ದಾಗ ‘ಅರ್ಥವಾಗಲಿಲ್ಲ’ ಎನ್ನುವ ಧೈರ್ಯವನ್ನು ಕಲಿಸುವುದು. ಉಳಿದದ್ದೆಲ್ಲ ಅದರ ಸುತ್ತ ಕಟ್ಟಿದ್ದು.

ಈ ಸಂಸ್ಥೆಗಳು ಇರುವುದು ಲೈಬ್ರರಿಯ ಹಿಂದಿನ ಕೋಣೆಯಲ್ಲಿ, ಚರ್ಚಿನ ನೆಲಮಾಳಿಗೆಯಲ್ಲಿ, ಕಮ್ಯುನಿಟಿ ಕಾಲೇಜಿನ ಸಂಜೆ ತರಗತಿಯಲ್ಲಿ. ಪರಂಪರೆ ಹಳೆಯದು. 1889ರಲ್ಲಿ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಶಿಕಾಗೊದಲ್ಲಿ ತೆರೆದ ಹಲ್ ಹೌಸ್‌ನಲ್ಲಿ ಯೂರೋಪಿನಿಂದ ಬಂದ ಕಾರ್ಮಿಕರಿಗೆ ಇಂಗ್ಲಿಷ್ ಪಾಠ ನಡೆಯುತ್ತಿತ್ತು. 1906ರ ಕಾನೂನು ಪೌರರಾಗುವವರು ಇಂಗ್ಲಿಷ್ ಮಾತನಾಡಬೇಕು ಎಂದಿತು. ಓದಲು ಬರೆಯಲು ಬರಬೇಕು ಎಂಬ ನಿಯಮ ಸೇರಿದ್ದು 1950ರಲ್ಲಿ. ಸಿರಕ್ಯೂಸ್ ಊರಿನ ರೂತ್ ಕಾಲ್ವಿನ್ 1962ರಲ್ಲಿ ಆರಂಭಿಸಿದ ಸ್ವಯಂಸೇವಕರ ಅಕ್ಷರ ಸಂಘಟನೆ 2002ರಲ್ಲಿ ಲಾಬಾಕ್ ಸಂಸ್ಥೆಯೊಂದಿಗೆ ಸೇರಿ ಪ್ರೊಲಿಟರಸಿ ಆಯಿತು. ಇವತ್ತು ಎಷ್ಟೋ ಊರುಗಳಲ್ಲಿ ‘ಲಿಟರಸಿ ಕೌನ್ಸಿಲ್’ ಎಂಬ ಫಲಕದ ಹಿಂದೆ ಇರುವುದು ಈ ಬಳ್ಳಿಯೇ. ಭಾರತೀಯರಿಗೆ ಇನ್ನೊಂದು ನೆನಪೂ ಬೇಕು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಭಾರತೀಯರು ‘ಬಿಳಿಯರಲ್ಲ’, ಆದ್ದರಿಂದ ಪೌರರಾಗಲಾರರು ಎಂದಿತು. ಆ ಬಾಗಿಲು ತೆರೆದದ್ದು 1946ರ ಲೂಸ್-ಸೆಲ್ಲರ್ ಕಾಯ್ದೆಯಿಂದ. ಆ ತೀರ್ಪಿನಿಂದ ಅಲ್ಲಿಯವರೆಗೆ ಭಾರತೀಯರಿಗೆ ಪರೀಕ್ಷೆಗೆ ಕೂರುವ ಹಕ್ಕೇ ಇರಲಿಲ್ಲ.

ಪರೀಕ್ಷೆ ಎಂದ ಕೂಡಲೇ ಎಲ್ಲರೂ ಹೆದರುವುದು ಇತಿಹಾಸ ಮತ್ತು ಸರ್ಕಾರದ ಪ್ರಶ್ನೆಗಳಿಗೆ. ನಿಜಕ್ಕೂ ಅದು ಸುಲಭದ ಭಾಗ. 2025ರ ಅಕ್ಟೋಬರ್ 20ರಿಂದೀಚೆಗೆ ಅರ್ಜಿ ಹಾಕಿದವರಿಗೆ 128 ಪ್ರಶ್ನೆಗಳ ಪಟ್ಟಿ. ಅದರಲ್ಲಿ 20 ಕೇಳಬಹುದು, 12 ಸರಿಯಾದರೆ ಸಾಕು. 12 ಸರಿಯಾದ ಕೂಡಲೇ ನಿಲ್ಲಿಸುತ್ತಾರೆ, 9 ತಪ್ಪಾದರೂ ನಿಲ್ಲಿಸುತ್ತಾರೆ. ಅದಕ್ಕೂ ಮೊದಲು ಅರ್ಜಿ ಹಾಕಿದವರಿಗೆ ಹಳೆಯ ಲೆಕ್ಕ: 100ರಲ್ಲಿ 10, ಆ ಹತ್ತರಲ್ಲಿ 6. ಲೈಬ್ರರಿಯ ಕಪಾಟಿನಲ್ಲಿರುವ ಪುಸ್ತಕ ಯಾವ ಪಟ್ಟಿಯದು ಎಂದು ನೋಡದೆ ಕಲಿಸುವುದು ಈಗ ಬಹಳ ಕಡೆ ಆಗುತ್ತಿರುವ ತಪ್ಪು. ಇನ್ನೊಂದು ತಪ್ಪು, ಗೋಡೆಗೆ ಅಂಟಿಸಿದ ಹಳೆಯ ಚಾರ್ಟು. ರಾಜ್ಯಪಾಲರು, ಸೆನೆಟರು, ಸದನದ ಸ್ಪೀಕರು ಬದಲಾಗುತ್ತಾರೆ; ಸಂದರ್ಶನದ ದಿನ ಯಾರಿದ್ದಾರೋ ಅವರ ಹೆಸರೇ ಉತ್ತರ. ಚುನಾವಣೆಯಾದ ಜನವರಿಯಲ್ಲಿ ಚಾರ್ಟನ್ನು ಕಿತ್ತು ಹೊಸದು ಹಚ್ಚಬೇಕು.

ನಮ್ಮ ಹಿರಿಯರಿಗೆ ಬಾಯಿಪಾಠ ಹೊಸತಲ್ಲ. ಮಗ್ಗಿ, ಅಮರಕೋಶ, ವಚನ ಎಲ್ಲವನ್ನೂ ಉರು ಹೊಡೆದ ಬಾಯಿಗೆ 128 ಉತ್ತರ ಏನು ಮಹಾ. ಒಂದೂವರೆ ತಿಂಗಳಲ್ಲಿ ಒಪ್ಪಿಸುತ್ತಾರೆ. ಅಲ್ಲೇ ಮೋಸ ಹೋಗುವುದು ಕೂಡ. ಕ್ರಮದಲ್ಲಿ ಕೇಳಿದರೆ ಉತ್ತರ ಬರುತ್ತದೆ, ಕ್ರಮ ತಪ್ಪಿಸಿದರೆ ಬಾಯಿ ಕಟ್ಟುತ್ತದೆ. ಒಬ್ಬರೇ ಶಿಕ್ಷಕಿಯ ದನಿಗೆ ಒಗ್ಗಿದ ಕಿವಿಗೆ ಟೆಕ್ಸಾಸಿನ ಗಂಡಸಿನ ಗಡಸು ದನಿ ಪರಭಾಷೆಯಂತೆ ಕೇಳುತ್ತದೆ. ಆದ್ದರಿಂದ ಅನುಭವಿ ಸಂಸ್ಥೆಗಳು ಮೂರನೆಯ ವಾರದಿಂದಲೇ ಬೇರೆ ಬೇರೆ ಸ್ವಯಂಸೇವಕರನ್ನು ಕರೆಸಿ ಪ್ರಶ್ನೆ ಕೇಳಿಸುತ್ತವೆ. ಗಂಡು, ಹೆಣ್ಣು, ಮುದುಕರು, ವೇಗವಾಗಿ ಮಾತಾಡುವವರು, ಮಾಸ್ಕ್ ಹಾಕಿಕೊಂಡವರು, ಎಲ್ಲರೂ ಬೇಕು.

ಓದುವುದು ಬರೆಯುವುದು ಇನ್ನೂ ಚಿಕ್ಕ ಮೆಟ್ಟಿಲು. ಮೂರು ವಾಕ್ಯ ಕೊಟ್ಟು ಒಂದನ್ನು ಸರಿಯಾಗಿ ಓದಿದರೆ ಆಯಿತು. ಮೂರು ಹೇಳಿ ಒಂದನ್ನು ಅರ್ಥ ಕೆಡದಂತೆ ಬರೆದರೆ ಆಯಿತು. ಎರಡಕ್ಕೂ ಬೇಕಾದ ಪದಗಳ ಪಟ್ಟಿಯನ್ನು ಪೌರತ್ವ ಮತ್ತು ವಲಸೆ ಇಲಾಖೆಯೇ ಪ್ರಕಟಿಸಿದೆ. ಆದರೆ 2018ರ ಅಕ್ಟೋಬರಿನಿಂದ ಹೆಚ್ಚಾಗಿ ಟ್ಯಾಬ್ಲೆಟ್ ಪರದೆಯ ಮೇಲೆಯೇ ಬರೆಸುತ್ತಾರೆ. ಪೆನ್ಸಿಲ್ ಹಿಡಿದು ಅಭ್ಯಾಸವಾದ ಕೈ ನುಣುಪಾದ ಗಾಜಿನ ಮೇಲೆ ಜಾರುತ್ತದೆ, ಅಂಗೈ ತಾಗಿ ಗೆರೆ ಮೂಡುತ್ತದೆ, ಅಕ್ಷರ ಆಕಾರ ಕಳೆದುಕೊಳ್ಳುತ್ತದೆ. ಹಳೆಯ ಟ್ಯಾಬ್ಲೆಟ್ ಒಂದು, ಬರೆಯುವ ಕಡ್ಡಿ ಒಂದು ತರಗತಿಯಲ್ಲಿದ್ದರೆ ಈ ತೊಡಕು ಎರಡು ವಾರದಲ್ಲಿ ನೀಗುತ್ತದೆ.

ನಿಜವಾದ ಇಂಗ್ಲಿಷ್ ಪರೀಕ್ಷೆ ನಡೆಯುವುದು ಎನ್-400 ಎಂಬ ಪೌರತ್ವದ ಅರ್ಜಿಯ ಮೇಲೆ. ಅಧಿಕಾರಿ ಅರ್ಜಿಯನ್ನು ಎದುರಿಗಿಟ್ಟುಕೊಂಡು ಹೆಸರು, ವಿಳಾಸ, ಕೆಲಸ, ಪ್ರವಾಸ, ಮದುವೆ ಎಂದು ಕೇಳುತ್ತ ಹೋಗುತ್ತಾರೆ. ಆ ಮಾತುಕತೆಯಲ್ಲೇ ನಿಮ್ಮ ಮಾತಿನ ಮಟ್ಟವನ್ನು ಅಳೆಯುತ್ತಾರೆ. ಅದು ಶುರುವಾಗುವುದು ಕುರ್ಚಿಯಲ್ಲಿ ಕೂತ ಮೇಲೂ ಅಲ್ಲ. ಕಾಯುವ ಕೋಣೆಯ ಬಾಗಿಲಲ್ಲಿ ನಿಮ್ಮ ಹೆಸರನ್ನು ತಿರುಚಿ ಕೂಗಿದಾಗಲೇ ಶುರು. ‘ಪ್ಲೀಸ್ ರಿಮೇನ್ ಸ್ಟ್ಯಾಂಡಿಂಗ್ ಅಂಡ್ ರೈಸ್ ಯುವರ್ ರೈಟ್ ಹ್ಯಾಂಡ್’ ಎಂದಾಗ ಎಷ್ಟೋ ಜನ ಥಟ್ಟನೆ ಕೂತುಬಿಡುತ್ತಾರೆ. ಹಾಗಾಗಿ ಪಾಠವನ್ನು ಬಾಗಿಲಿನಿಂದಲೇ ಆರಂಭಿಸಬೇಕು: ಕೂಗು, ನಡಿಗೆ, ದಾರಿಯಲ್ಲಿ ಹವೆಯ ಬಗ್ಗೆ ಎರಡು ಮಾತು, ಕೈ ಎತ್ತಿ ಪ್ರಮಾಣ, ಆಮೇಲೆ ಕುರ್ಚಿ.

ಮುಂದೆ ಬರುವುದು ‘ಹ್ಯಾವ್ ಯು ಎವರ್’ ಎಂದು ಶುರುವಾಗುವ ಪ್ರಶ್ನೆಗಳ ಉದ್ದನೆಯ ಸಾಲು. ಉತ್ತರ ಬಹುತೇಕ ಎಲ್ಲಕ್ಕೂ ‘ನೋ’. ಅದಕ್ಕೇ ಅನೇಕರಿಗೆ ‘ಎಲ್ಲಕ್ಕೂ ನೋ ಅಂದುಬಿಡಿ’ ಎಂದು ಮನೆಯವರು ಹೇಳಿಕೊಟ್ಟಿರುತ್ತಾರೆ. ಅಧಿಕಾರಿಗೂ ಇದು ಗೊತ್ತು. ‘ನೋ’ ಎಂದ ಕೂಡಲೇ ‘ಟೆರರಿಸ್ಟ್ ಅಂದರೇನು? ಡಿಪೋರ್ಟ್ ಅಂದರೇನು? ಓತ್ ಅಂದರೇನು?’ ಎಂದು ಕೇಳಬಹುದು. ನಿಘಂಟಿನ ವಿವರಣೆ ಬೇಕಿಲ್ಲ. ‘ಬ್ಯಾಡ್ ಪೀಪಲ್, ಬಾಂಬ್, ಕಿಲ್’ ಎಂದರೂ ತಿಳಿದಿದೆ ಎಂದಾಯಿತು. ‘ಡಿಪೋರ್ಟ್: ಗವರ್ನಮೆಂಟ್ ಸೆಂಡ್ ಬ್ಯಾಕ್’. ‘ಓತ್: ಪ್ರಾಮಿಸ್’. ಇಂಥ ಎರಡು ಮೂರು ಪದಗಳ ವಿವರಣೆಯನ್ನು ವಿದ್ಯಾರ್ಥಿಯೇ ತನ್ನ ಬಾಯಿಂದ ಕಟ್ಟುವಂತೆ ಮಾಡಬೇಕು. ಶಿಕ್ಷಕರು ಬರೆದುಕೊಟ್ಟರೆ ಅದೂ ಇನ್ನೊಂದು ಬಾಯಿಪಾಠವಾಗುತ್ತದೆ.

ಕನ್ನಡದ ಕಿವಿಗೆ ಇಲ್ಲಿ ಒಂದು ವಿಶೇಷ ಗುಂಡಿಯಿದೆ. ತೆರಿಗೆ ಬಾಕಿ ಇದೆಯೇ ಎಂದು ಕೇಳುವಾಗ ಬರುವ ಪದ ‘ಓ’, ಮನೆ ಸ್ವಂತದ್ದೇ ಎಂದಾಗ ‘ಓನ್’, ಪ್ರಮಾಣಕ್ಕೆ ‘ಓತ್’, ಮತಕ್ಕೆ ‘ವೋಟ್’, ಅದು ನಮ್ಮ ಬಾಯಲ್ಲಿ ಮೊದಲಿಂದಲೂ ‘ಓಟು’. ನಾಲ್ಕೂ ಒಂದೇ ಗುಂಪಾಗಿ ಕೇಳುತ್ತವೆ. ‘ಡು ಯು ಓ ಟ್ಯಾಕ್ಸಸ್’ ಎಂದರೆ ‘ಯಸ್, ಮೈ ಸನ್ ಹೌಸ್’ ಎಂಬ ಉತ್ತರ ಬರುವುದು ಹೀಗೆ. ಬರೆಯುವಾಗಲೂ ‘ವೋಟ್’ ಪದದ ಮೊದಲ ಅಕ್ಷರ ಮಾಯವಾಗುತ್ತದೆ. ನಾಲ್ಕು ಚೀಟಿ ಮಾಡಿ, ಒಂದೊಂದರ ಮೇಲೆ ಚಿತ್ರ ಬರೆದು (ಸಾಲದ ಚೀಟಿ, ಮನೆ, ಎತ್ತಿದ ಕೈ, ಮತಪೆಟ್ಟಿಗೆ), ಪದ ಕೇಳಿದ ಕೂಡಲೇ ಚೀಟಿ ಎತ್ತಿಸಿದರೆ ಬೇಗ ಕೂಡಿಬರುತ್ತದೆ. ‘ಎವರ್’ ಎನ್ನುವುದನ್ನು ‘ಯವರ್’ ಎಂದರೆ ತೊಂದರೆಯಿಲ್ಲ, ಉಚ್ಚಾರದ ಧಾಟಿಗೆ ಅಂಕ ಕಳೆಯುವುದಿಲ್ಲ. ಅದಕ್ಕಾಗಿ ನಾಲಿಗೆ ತಿದ್ದುತ್ತ ತರಗತಿಯ ಹೊತ್ತು ಕಳೆಯುವುದು ವ್ಯರ್ಥ.

ಸಂಕೋಚದ ಪ್ರಶ್ನೆಗಳೂ ಇವೆ. ವೇಶ್ಯಾವೃತ್ತಿ, ಏಕಕಾಲಕ್ಕೆ ಒಬ್ಬರಿಗಿಂತ ಹೆಚ್ಚು ಜನರೊಂದಿಗೆ ಮದುವೆ, ಮಾದಕವಸ್ತು. ಅಜ್ಜಿಯ ಮುಂದೆ ಹೇಗೆ ಕೇಳುವುದು ಎಂದು ಸ್ವಯಂಸೇವಕರು ಆ ಸಾಲುಗಳನ್ನು ಹಾರಿಸುತ್ತಾರೆ. ಮೊದಲ ಬಾರಿಗೆ ಅಪರಿಚಿತ ಅಧಿಕಾರಿಯ ಬಾಯಿಂದ ಕೇಳಿದಾಗ ಹಿರಿಯರು ಕುಗ್ಗಿ ಮೌನವಾಗುತ್ತಾರೆ, ಕೆಲವರು ಅಳುತ್ತಾರೆ. ‘ಇದು ನಿಮ್ಮ ಮೇಲಿನ ಅನುಮಾನವಲ್ಲ, ಎಲ್ಲರಿಗೂ ಕೇಳುವುದು’ ಎಂದು ಅವರದೇ ಭಾಷೆಯಲ್ಲಿ ಮೊದಲೇ ಹೇಳಿ, ಮಗ ಸೊಸೆ ಇಲ್ಲದ ಹೊತ್ತಿನಲ್ಲಿ ಅಭ್ಯಾಸ ಮಾಡಿಸುವುದು ಕರುಣೆಯ ಕೆಲಸ. ಕಮ್ಯುನಿಸ್ಟ್ ಪಕ್ಷದ ಸದಸ್ಯತ್ವದ ಪ್ರಶ್ನೆಯಲ್ಲಿ ಭಾರತೀಯರು ವಿಶೇಷ ಎಚ್ಚರ ವಹಿಸಬೇಕು. ನಮ್ಮಲ್ಲಿ ಅದು ಚುನಾವಣೆಗೆ ನಿಲ್ಲುವ ಸಾಮಾನ್ಯ ಪಕ್ಷ. ಯೌವನದಲ್ಲಿ ಸದಸ್ಯತ್ವದ ಚೀಟಿ ಹಿಡಿದವರು ಬೇಕಾದಷ್ಟಿದ್ದಾರೆ. ಅರ್ಜಿಗೆ ಹಿಂದಿನ 10 ವರ್ಷಗಳೊಳಗಿನ ಸದಸ್ಯತ್ವ ಕಾನೂನಿನ ಅಡ್ಡಿ, ಆದರೆ ಪ್ರಶ್ನೆ ಇಡೀ ಬದುಕಿನ ಬಗ್ಗೆ. ಮುಚ್ಚಿಡುವುದು ತಪ್ಪು, ಸುಮ್ಮನೆ ‘ಯಸ್’ ಎಂದು ಬರೆದು ಕಳಿಸುವುದೂ ತಪ್ಪು. ವಕೀಲರನ್ನು ಕೇಳಿಯೇ ಮುಂದುವರಿಯಬೇಕು.

ಅರ್ಥವಾಗದಾಗ ಏನು ಹೇಳಬೇಕು? ‘ಪ್ಲೀಸ್ ರಿಪೀಟ್’ ಒಂದೇ ಸಾಲದು, ಅದೇ ವಾಕ್ಯ ಅದೇ ವೇಗದಲ್ಲಿ ಮತ್ತೆ ಬರುತ್ತದೆ. ‘ಪ್ಲೀಸ್ ಸೇ ಇಟ್ ಅನದರ್ ವೇ’ ಎನ್ನುವುದನ್ನು ಕಲಿಸಬೇಕು. ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಕೇಳಬೇಕೆಂದು ಇಲಾಖೆಯ ಕೈಪಿಡಿಯೇ ಅಧಿಕಾರಿಗಳಿಗೆ ಹೇಳುತ್ತದೆ. ಇದನ್ನು ಬಾಯಲ್ಲಿ ಹೇಳಿಕೊಟ್ಟರೆ ಬರುವುದಿಲ್ಲ. ತರಗತಿಯಲ್ಲಿ ಶಿಕ್ಷಕಿ ಬೇಕೆಂದೇ ಅರ್ಥವಾಗದ ಪದ ಬಳಸಬೇಕು, ತಲೆಯಾಡಿಸಿದವರನ್ನು ನಯವಾಗಿ ನಿಲ್ಲಿಸಬೇಕು, ತಡೆದು ಕೇಳಿದವರನ್ನು ಎಲ್ಲರೆದುರು ಮೆಚ್ಚಬೇಕು. ಹತ್ತಾರು ಬಾರಿ ಹೀಗೆ ಮಾಡಿದ ಮೇಲೆ ಒಂದು ದಿನ ಹಿಂದಿನ ಬೆಂಚಿನ ಹಿರಿಯರೊಬ್ಬರು ಕೈ ಎತ್ತುತ್ತಾರೆ. ಆ ತರಗತಿ ಗೆದ್ದಿತು.

ತಲೆಯಾಡಿಸಿದ್ದರ ಬೆಲೆ ಕೆಲವೊಮ್ಮೆ ಸಂದರ್ಶನಕ್ಕಿಂತ ವರ್ಷಗಳ ಮುಂಚೆಯೇ ಬಿದ್ದಿರುತ್ತದೆ. ಡ್ರೈವಿಂಗ್ ಲೈಸೆನ್ಸ್ ಕಚೇರಿಯಲ್ಲಿ ಗುಮಾಸ್ತೆ ‘ಮತದಾರರ ಪಟ್ಟಿಗೂ ಸೇರಿಸಲೇ?’ ಎಂದು ಕೇಳಿರುತ್ತಾಳೆ. ಗ್ರೀನ್ ಕಾರ್ಡ್‌ದಾರ ‘ಯಸ್ ಯಸ್’ ಎಂದು ಸಹಿ ಹಾಕಿರುತ್ತಾನೆ. ಪಟ್ಟಿಗೆ ಸೇರುವಾಗ ಪೌರನೆಂದು ಘೋಷಿಸಿದಂತಾಯಿತು. ಅದಕ್ಕೇ ಒಳ್ಳೆಯ ಸಂಸ್ಥೆಗಳಲ್ಲಿ ಫಾರಂ ತುಂಬುವ ಶಿಬಿರದ ಮೊದಲ ಮೇಜು ಸೋಸುವ ಮೇಜು. ಮತದಾರರ ಪಟ್ಟಿಯಲ್ಲಿದ್ದೀರಾ, ಪೊಲೀಸರು ಎಂದಾದರೂ ಹಿಡಿದಿದ್ದರಾ, ಕೇಸು ವಜಾ ಆಗಿದ್ದರೂ ಕೋರ್ಟಿನ ಕಾಗದ ಇದೆಯೇ, ತೆರಿಗೆ ಬಾಕಿಯಿದೆಯೇ, ಮಕ್ಕಳ ಜೀವನಾಂಶ ಕಟ್ಟಿದ್ದೀರಾ, ಗಂಡಸರಾದರೆ 18ರಿಂದ 26ರೊಳಗೆ ಗ್ರೀನ್ ಕಾರ್ಡ್ ಇದ್ದಾಗ ಅಗತ್ಯ ಬಿದ್ದರೆ ಸೇನೆಗೆ ಕರೆಯಲು ಇಡುವ ಪಟ್ಟಿಯಾದ ಸೆಲೆಕ್ಟಿವ್ ಸರ್ವಿಸ್‌ಗೆ ಹೆಸರು ಕೊಟ್ಟಿದ್ದಿರಾ. ಇವುಗಳಲ್ಲಿ ಒಂದರ ಉತ್ತರದಲ್ಲಿ ತೊಡಕು ಕಂಡರೂ ಅವರು ಫಾರಂ ಮೇಜಿಗೆ ಹೋಗುವುದಿಲ್ಲ, ವಕೀಲರ ಮೇಜಿಗೆ ಹೋಗುತ್ತಾರೆ. ಅರ್ಜಿ ಹಾಕುವುದೆಂದರೆ ಇಡೀ ಹಳೆಯ ಕಡತವನ್ನು ತಾವೇ ಬಿಚ್ಚಿಟ್ಟಂತೆ. ‘ಈಗ ಹಾಕಬೇಡಿ’ ಎಂದು ಹೇಳಿ ಕಳಿಸಿದ ದಿನವೂ ಸಂಸ್ಥೆ ಕೆಲಸ ಮಾಡಿದ ದಿನವೇ. ವರದಿಯಲ್ಲಿ ಅದಕ್ಕೆ ಅಂಕಣ ಇರುವುದಿಲ್ಲ ಎಂಬುದು ಬೇಸರದ ವಿಷಯ.

ಈ ಸಲಹೆಯನ್ನು ಯಾರು ಬೇಕಾದರೂ ಕೊಡುವಂತಿಲ್ಲ. ವಕೀಲರು ಕೊಡಬಹುದು, ಇಲ್ಲವೇ ನ್ಯಾಯ ಇಲಾಖೆಯ ಮಾನ್ಯತೆ ಪಡೆದ ಸಂಸ್ಥೆಯಲ್ಲಿರುವ ಅಧಿಕೃತ ಪ್ರತಿನಿಧಿ ಕೊಡಬಹುದು. ಮಾನ್ಯತೆ ಲಾಭಕ್ಕಲ್ಲದ ಸಂಸ್ಥೆಗಳಿಗೆ ಮಾತ್ರ. ಸ್ವಯಂಸೇವಕರು ಪ್ರಶ್ನೆ ಓದಿ ಹೇಳಬಹುದು, ಉತ್ತರ ಬರೆದುಕೊಳ್ಳಬಹುದು; ‘ಇದಕ್ಕೆ ನೋ ಹಾಕಿ’ ಎಂದರೆ ಗೆರೆ ದಾಟಿದಂತೆ. ಭಾರತದಲ್ಲಿ ನೋಟರಿ ಎಂದರೆ ಸಾಮಾನ್ಯವಾಗಿ ವಕೀಲರೇ. ಅಮೆರಿಕದಲ್ಲಿ ನೋಟರಿ ಎಂದರೆ ಸಹಿಗೆ ಸಾಕ್ಷಿ ಅಷ್ಟೆ. ಈ ಗೊಂದಲವನ್ನೇ ಬಂಡವಾಳ ಮಾಡಿಕೊಂಡು ಹಣ ಕೀಳುವವರಿದ್ದಾರೆ. ಆನ್‌ಲೈನ್ ಅರ್ಜಿಯಲ್ಲಿ ಇನ್ನೊಂದು ಸಣ್ಣ ವಿಷಯ ದೊಡ್ಡ ತಲೆನೋವಾಗುತ್ತದೆ. ಸ್ವಯಂಸೇವಕರು ಆತುರದಲ್ಲಿ ತಮ್ಮ ಇಮೇಲಿನಲ್ಲೇ ಖಾತೆ ತೆರೆಯುತ್ತಾರೆ. ಸಂದರ್ಶನದ ಸೂಚನೆ ಅವರಿಗೆ ಬರುತ್ತದೆ, ಅವರು ಊರು ಬಿಟ್ಟಿರುತ್ತಾರೆ. ಖಾತೆ ಅರ್ಜಿದಾರರದೇ ಆಗಿರಲಿ, ಪಾಸ್‌ವರ್ಡು ಮನೆಯ ಪುಸ್ತಕದಲ್ಲಿ ಬರೆದಿರಲಿ. ಮನೆ ಬದಲಿಸಿದರೆ 10 ದಿನದೊಳಗೆ ಇಲಾಖೆಗೆ ತಿಳಿಸಬೇಕು.

ಹಣದ ಮಾತು ಬೇಗ ಮುಗಿಸಬಹುದು. 2024ರ ಏಪ್ರಿಲ್ 1ರಂದು ಜಾರಿಯಾದ ಶುಲ್ಕ ಆನ್‌ಲೈನಿನಲ್ಲಿ 710 ಡಾಲರ್, ಕಾಗದದಲ್ಲಿ 760. ಮನೆಯ ವರಮಾನ ಫೆಡರಲ್ ಬಡತನ ಮಟ್ಟದ 400 ಶೇಕಡಾ ಮೀರದಿದ್ದರೆ 380. ತೀರ ಬಡವರಿಗೆ ಪೂರ್ತಿ ವಿನಾಯಿತಿಯಿದೆ. ಅದನ್ನು ಕೇಳುವವರು ಕಾಗದದಲ್ಲೇ ಅರ್ಜಿ ಹಾಕಬೇಕು. ಸಂಸ್ಥೆಗಳ ಸ್ವಂತ ಹಣದ ಸ್ಥಿತಿ ಮಾತ್ರ ಕಷ್ಟದ್ದು: 2009ರಿಂದ ಕೇಂದ್ರ ಸರ್ಕಾರ ಕೊಡುತ್ತಿದ್ದ ಪೌರತ್ವ ಪಾಠದ ಅನುದಾನ 2025ರಲ್ಲಿ ನಿಂತಿತು. ಈಗ ಉಳಿದಿರುವುದು ರಾಜ್ಯದ ನೆರವು, ದಾನ, ನಿವೃತ್ತ ಶಿಕ್ಷಕರ ಸಂಜೆಗಳು.

ಮಕ್ಕಳ ಮನೆಗೆ ಬಂದ ಕನ್ನಡದ ತಂದೆತಾಯಿಯರ ಲೆಕ್ಕ ಬೇರೆಯೇ. ತುಮಕೂರಿನಿಂದ 62ನೇ ವಯಸ್ಸಿಗೆ ಗ್ರೀನ್ ಕಾರ್ಡ್ ಪಡೆದು ಬಂದ ತಾಯಿಯನ್ನು ತೆಗೆದುಕೊಳ್ಳಿ. ‘ವಯಸ್ಸಾದವರಿಗೆ ಇಂಗ್ಲಿಷ್ ಬೇಡವಂತೆ’ ಎಂದು ವಾಟ್ಸ್‌ಆ್ಯಪಿನಲ್ಲಿ ಓದಿರುತ್ತಾರೆ. ನಿಯಮವೆಂದರೆ, 50 ದಾಟಿ ಗ್ರೀನ್ ಕಾರ್ಡಿನಲ್ಲಿ 20 ವರ್ಷ, ಇಲ್ಲವೇ 55 ದಾಟಿ 15 ವರ್ಷ ಆಗಿದ್ದರೆ ಕನ್ನಡದಲ್ಲೇ ಉತ್ತರಿಸಬಹುದು, ದುಭಾಷಿಯನ್ನು ಕರೆದೊಯ್ಯಬಹುದು. 65 ದಾಟಿ 20 ವರ್ಷವಾದವರಿಗೆ ಓದಬೇಕಾದ ಇತಿಹಾಸದ ಪಟ್ಟಿಯೂ ಇಪ್ಪತ್ತೇ ಪ್ರಶ್ನೆಗಳದ್ದು. ಈ ತಾಯಿಗೆ ಅಂಥ ಮೊದಲ ರಿಯಾಯಿತಿ ಸಿಗುವುದು 77ಕ್ಕೆ. ಗ್ರೀನ್ ಕಾರ್ಡ್ ಸಿಕ್ಕಿ ಐದು ವರ್ಷಕ್ಕೆ, 67ಕ್ಕೆ, ಅರ್ಜಿ ಹಾಕಬೇಕೆಂದರೆ ಇಂಗ್ಲಿಷ್ ಬೇಕೇ ಬೇಕು. ವೈದ್ಯರಿಂದ ಎನ್-648 ಫಾರಂ ತುಂಬಿಸಿ ವಿನಾಯಿತಿ ಪಡೆಯುವ ದಾರಿಯಿದೆ, ಆದರೆ ‘ವಯಸ್ಸಾಗಿದೆ, ಮರೆವು’ ಎಂದು ಒಂದು ಸಾಲು ಗೀಚಿದ ಫಾರಂ ತಿರುಗಿ ಬರುತ್ತದೆ. ಯಾವ ಕಾಯಿಲೆ, ಅದು ಕಲಿಕೆಯನ್ನು ಹೇಗೆ ತಡೆಯುತ್ತದೆ ಎಂಬ ಸಂಬಂಧವನ್ನು ವೈದ್ಯರು ಬಿಡಿಸಿ ಬರೆಯಬೇಕು. ಓದುಬರಹ ಬಾರದಿರುವುದು ಕಾಯಿಲೆಯಲ್ಲ.

ಇಂಗ್ಲಿಷಿಗಿಂತ ಮೊದಲು ಇವರನ್ನು ಕೆಡವುವುದು ವಿಮಾನದ ಟಿಕೆಟ್ಟು. ಚಳಿಗೆ ಹೆದರಿ ದೀಪಾವಳಿಗೆ ಊರಿಗೆ ಹೊರಟು ಯುಗಾದಿ, ಮಾವಿನಕಾಯಿ ಮುಗಿಸಿ ಬರುತ್ತಾರೆ. ಒಂದೇ ಪ್ರವಾಸ ಆರು ತಿಂಗಳು ಮೀರಿದರೆ ನಿರಂತರ ವಾಸ ಕಡಿದುಹೋಯಿತೆಂದು ಇಲಾಖೆ ಭಾವಿಸುತ್ತದೆ. ಅಲ್ಲವೆಂದು ತೋರಿಸುವ ಹೊರೆ ನಿಮ್ಮದು. ಒಂದು ವರ್ಷ ತುಂಬಿದರೆ ಕಡಿದಂತೆಯೇ, ಹಿಂತಿರುಗಿದ ಮೇಲೆ ಮತ್ತೆ ನಾಲ್ಕು ವರ್ಷಕ್ಕೂ ಮೀರಿ ಕಾಯಬೇಕು. ಇದಲ್ಲದೆ ಐದು ವರ್ಷದ 60 ತಿಂಗಳಲ್ಲಿ ಕನಿಷ್ಠ 30 ತಿಂಗಳು ಕಾಲು ಅಮೆರಿಕದ ನೆಲದ ಮೇಲೆ ಇರಬೇಕು. ವರ್ಷಕ್ಕೆ ಆರು ತಿಂಗಳು ಊರಿನಲ್ಲಿ ಕಳೆಯುವವರು ಸರಿಯಾಗಿ ಆ ಅಂಚಿನ ಮೇಲೆ ನಡೆಯುತ್ತಿರುತ್ತಾರೆ. ಒಂದು ಮದುವೆಗೆ ಎರಡು ವಾರ ಹೆಚ್ಚು ನಿಂತರೂ ಲೆಕ್ಕ ತಪ್ಪುತ್ತದೆ. 24 ಗಂಟೆ ಮೀರಿದ ಪ್ರತಿ ಪ್ರವಾಸದ ಹೊರಟ ದಿನ, ಬಂದ ದಿನ ಅರ್ಜಿಯಲ್ಲಿ ಬೇಕು. ಪಂಚಾಂಗದ ಬೆನ್ನಿಗೆ ಬರೆದಿಟ್ಟರೂ ಸಾಕು, ಆದರೆ ಮೊದಲ ಪ್ರವಾಸದಿಂದಲೇ ಬರೆದಿಡಿ.

ಹೆಸರಿನದು ಇನ್ನೊಂದು ಗಂಟು. ಊರಿನ ಹೆಸರು, ತಂದೆಯ ಹೆಸರು ಎರಡನ್ನೂ ಇನಿಷಿಯಲ್ ಮಾಡಿ ಬದುಕಿದವರಿಗೆ ಪಾಸ್‌ಪೋರ್ಟಿನಲ್ಲಿ ಉಪನಾಮವೇ ಇರುವುದಿಲ್ಲ. ಕೆಲವರ ಅಮೆರಿಕದ ಕಾಗದಗಳಲ್ಲಿ ಇದ್ದ ಹೆಸರು ಉಪನಾಮದ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’, ಅಂದರೆ ಹೆಸರು ಗೊತ್ತಿಲ್ಲ, ಎಂದು ಕೂತುಬಿಟ್ಟಿರುತ್ತದೆ. ಪೌರತ್ವದ ಅರ್ಜಿಯಲ್ಲೇ ಹೆಸರು ತಿದ್ದಿಸಿಕೊಳ್ಳಲು ಕೇಳಬಹುದು, ಆದರೆ ಆಗ ಪ್ರಮಾಣವಚನ ನ್ಯಾಯಾಧೀಶರ ಎದುರು ಆಗಬೇಕು, ಕೆಲವು ಕಡೆ ಕಾಯುವುದು ಹೆಚ್ಚು. ಹಾಗಿದ್ದರೂ ಒಮ್ಮೆಗೇ ಸರಿಮಾಡಿಕೊಳ್ಳುವುದು ಮೇಲು.

ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಪ್ರಮಾಣ ಮಾಡಿದ ಗಳಿಗೆಗೆ ಭಾರತದ ಪೌರತ್ವ ಹೋಯಿತು. ಪಾಸ್‌ಪೋರ್ಟು ಒಪ್ಪಿಸಿ, ಬೇಕಿದ್ದರೆ ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡು ಪಡೆಯಬೇಕು. ಹಳೆಯ ಪಾಸ್‌ಪೋರ್ಟಿನಲ್ಲೇ ಒಮ್ಮೆ ಬೆಂಗಳೂರಿಗೆ ಹೋಗಿಬರೋಣ ಎನ್ನುವುದು ಅಪರಾಧ. ಒಸಿಐ ಇದ್ದವರು ಅಲ್ಲಿ ಮತ ಹಾಕುವಂತಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದದ್ದು ಉಳಿಯುತ್ತದೆ. ಇದನ್ನು ಅರ್ಜಿಗೆ ಮೊದಲೇ ಕನ್ನಡದಲ್ಲಿ, ನಿಧಾನವಾಗಿ ಹಿರಿಯರಿಗೆ ಹೇಳಬೇಕು. ಮಕ್ಕಳು ಹೇಳಿದರೆಂದು ಅವರು ಇದಕ್ಕೂ ತಲೆಯಾಡಿಸಬಾರದು. ಶನಿವಾರ ಭಾನುವಾರ ಮೊಮ್ಮಕ್ಕಳಿಗೆ ಕನ್ನಡ ಕಲಿಸುವ ಕನ್ನಡ ಕೂಟಗಳು ಅಮೆರಿಕದ ಎಷ್ಟೋ ಊರಿನಲ್ಲಿವೆ. ಮೊಮ್ಮಗು ಪಕ್ಕದ ಕೋಣೆಯಲ್ಲಿ ಅ ಆ ಇ ಈ ತಿದ್ದುವ ಆ ಎರಡು ಗಂಟೆ ಹೊರಗೆ ಕಾರಿನಲ್ಲಿ ಕಾಯುವ ಅಜ್ಜ ಅಜ್ಜಿಗೆ ಎನ್-400ರ ಮಾತು ಕಲಿಸಲು ಬೇಕಾಗುವುದು ಒಂದು ಕೋಣೆ, ನಾಲ್ಕು ಕುರ್ಚಿ, ತಾಳ್ಮೆಯ ಒಬ್ಬ ಸ್ವಯಂಸೇವಕಿ. ಹತ್ತಿರದ ಮಾನ್ಯತೆ ಪಡೆದ ಸಂಸ್ಥೆಯೊಂದಿಗೆ ಕೈಜೋಡಿಸಿದರೆ ಕಾನೂನಿನ ಭಾಗವೂ ಭದ್ರ.

ಮೊದಲ ಸಲ ಇಂಗ್ಲಿಷ್ ಅಥವಾ ಇತಿಹಾಸದಲ್ಲಿ ಸೋತರೆ 60ರಿಂದ 90 ದಿನದೊಳಗೆ ಸೋತ ಭಾಗಕ್ಕೆ ಮಾತ್ರ ಇನ್ನೊಂದು ಅವಕಾಶ, ಹೊಸ ಶುಲ್ಕವಿಲ್ಲ. ಗೆದ್ದವರಿಗೆ ಪ್ರಮಾಣವಚನದ ಕರೆ, ಎನ್-445 ಎಂಬ ಕಾಗದ. ಅದರಲ್ಲಿ ಮತ್ತೆ ಪ್ರಶ್ನೆಗಳು: ಸಂದರ್ಶನದ ನಂತರ ದೇಶದಿಂದ ಹೊರಗೆ ಹೋಗಿದ್ದಿರಾ, ಮದುವೆ ಅಥವಾ ವಿಚ್ಛೇದನ ಆಯಿತೇ, ಪೊಲೀಸರ ಟಿಕೆಟ್ಟು ಸಿಕ್ಕಿತೇ. ಸಂಭ್ರಮದಲ್ಲಿ ಎಲ್ಲಕ್ಕೂ ‘ನೋ’ ಗೀಟು ಎಳೆಯುವವರು ಬಹಳ. ಹಿಂದಿನ ರಾತ್ರಿ ಅಲ್ಲ, ಅದೇ ಬೆಳಿಗ್ಗೆ, ಒಂದೊಂದನ್ನೂ ಓದಿಸಿ ತುಂಬಿಸಬೇಕು. ಸಭಾಂಗಣದ ಬಾಗಿಲಲ್ಲಿ ಗ್ರೀನ್ ಕಾರ್ಡು ವಾಪಸ್ ಕೊಡಬೇಕು. ಪ್ರಮಾಣಪತ್ರ ಕೈಗೆ ಬಂದ ಮೇಲೆ ಫೋಟೊ ತೆಗೆಸಿಕೊಳ್ಳುವ ಮೊದಲು ಕನ್ನಡಕ ಹಾಕಿಕೊಂಡು ಹೆಸರಿನ ಒಂದೊಂದು ಅಕ್ಷರ, ಹುಟ್ಟಿದ ದಿನ ನೋಡಿ. ತಪ್ಪಿದ್ದರೆ ಅಲ್ಲೇ ನಿಂತು ಹೇಳಿ.